ತೊರವಿಯ ಪಕ್ಕದ ನವರಸಪುರ: ಅರ್ಧಕ್ಕೆ ನಿಂತ ರಾಜಧಾನಿ

ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಹಾಳೂರುಗಳಿಗೆ ಕೊರತೆಯಿಲ್ಲ. ಕಂದಾಯ ದಾಖಲೆಗಳಲ್ಲಿ ಬೇಚರಾಕ್ (ಜನವಸತಿಯಿಲ್ಲದ ಊರು) ಎಂದು ಬರೆಸಿಕೊಂಡ, ಹೊಲಗಳ ನಡುವೆ ಒಂದು ಹನುಮಪ್ಪನ ಗುಡಿಯನ್ನೂ ಒಂದು ಪಾಳು ಬಾವಿಯನ್ನೂ ಬಿಟ್ಟರೆ ಬೇರೇನೂ ಉಳಿಯದ ಊರುಗಳಿವೆ. ಬರಕ್ಕೋ ಪ್ಲೇಗಿಗೋ ಹೆದರಿ ಜನ ಎದ್ದುಹೋದ ಕಥೆಗಳನ್ನು ಸುತ್ತಲಿನ ಊರಿನವರು ಈಗಲೂ ಹೇಳುತ್ತಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾದ ಊರುಗಳ ಜನರಂತೂ ಪುನರ್ವಸತಿ ಕೇಂದ್ರಗಳಲ್ಲಿ ತಮ್ಮ ಊರಿನ ಹಳೆಯ ಹೆಸರನ್ನೇ ಉಳಿಸಿಕೊಂಡು, ಗ್ರಾಮದೇವತೆಯನ್ನೂ ಜೊತೆಗೆ ಕರೆದುಕೊಂಡು ಬಂದು ಬದುಕುತ್ತಿದ್ದಾರೆ. ಇವೆಲ್ಲ ಜನರಿದ್ದು ಆಮೇಲೆ ಜನರನ್ನು ಕಳೆದುಕೊಂಡ ಊರುಗಳು. ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಮಗ್ಗುಲಲ್ಲಿರುವ ನವರಸಪುರದ ಸಂಗತಿ ಬೇರೆ. ಅದು ಊರಾಗುವ ಮೊದಲೇ ರಾಜಧಾನಿಯಾಗಲು ಹೊರಟಿತ್ತು. ಕಾಲು ಶತಮಾನ ಮೆರೆದು, ಒಂದೇ ದಾಳಿಯಲ್ಲಿ ಸುಟ್ಟುಹೋಗಿ, ಮತ್ತೆ ಏಳಲಿಲ್ಲ. ನಮ್ಮ ಹಿರಿಯರು ನವರಸಪುರದವರು ಎಂದು ಹೇಳಿಕೊಳ್ಳುವ ಒಂದು ಮನೆತನವೂ ನನಗೆ ಇದುವರೆಗೆ ಸಿಕ್ಕಿಲ್ಲ.

ಈ ಊರಿನ ಚರಿತ್ರೆಯನ್ನು ಅದರ ನೆಲದಿಂದ ಬಿಡಿಸಿ ಹೇಳಲು ಬರುವುದಿಲ್ಲ; ಆದ್ದರಿಂದ ಅದು ಎಲ್ಲಿದೆ ಎಂಬುದನ್ನು ಮೊದಲು ಹೇಳುತ್ತೇನೆ. ವಿಜಯಪುರದ ಕೋಟೆಯ ಪಶ್ಚಿಮದ ಬಾಗಿಲಾದ ಮೆಕ್ಕಾ ದರವಾಜೆಯನ್ನು ದಾಟಿ, ಇಬ್ರಾಹಿಂ ರೋಜಾವನ್ನು ಹಿಂದೆ ಬಿಟ್ಟು ಅಥಣಿ ರಸ್ತೆ ಹಿಡಿದರೆ ಐದಾರು ಕಿಲೋಮೀಟರಿನಲ್ಲಿ ತೊರವಿ ಬರುತ್ತದೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣ ಇರುವುದೂ ಇಲ್ಲಿಯೇ. ಅದೇ ರಸ್ತೆ ಮುಂದೆ ದ್ರಾಕ್ಷಿ ತೋಟಗಳ ಟಿಕೋಟಾಕ್ಕೆ, ಅಲ್ಲಿಂದ ಅಥಣಿಗೆ ಹೋಗುತ್ತದೆ. ಈ ಭಾಗದ ನೆಲ ಡೋಣಿ ನದಿಯ ಸಾಲಿನ ಕಪ್ಪು ಎರೆಯಲ್ಲ. ಮೇಲೆ ತೆಳುವಾದ ಮಣ್ಣು, ಕೆಳಗೆ ಕರಿಕಲ್ಲು ಇರುವ ಮಡ್ಡಿ. ಮಳೆಗಾಲ ಕಳೆದ ಮೇಲೆ ಹುಲ್ಲು ಒಣಗಿ ನೆಲವೆಲ್ಲ ಕಂದುಬಣ್ಣಕ್ಕೆ ತಿರುಗುತ್ತದೆ, ಜಾಲಿಯೊಂದೇ ಹಸಿರಾಗಿರುತ್ತದೆ. ಇಂಥ ಮಡ್ಡಿಯ ಮೇಲೆ ಊರಿನಿಂದ ಸ್ವಲ್ಪ ದೂರದಲ್ಲಿ ಎತ್ತರವಾದ ಕಮಾನೊಂದು ಕಾಣಿಸುತ್ತದೆ. ಅದೇ ಸಂಗೀತ ಮಹಲು. ಅದರ ಸುತ್ತಲಿನ ಹೊಲಗಳಲ್ಲಿ, ಬದುಗಳಲ್ಲಿ, ಜಾಲಿಯ ಪೊದೆಗಳಲ್ಲಿ ಚೆದುರಿ ಬಿದ್ದಿರುವುದೇ ಉಳಿದ ನವರಸಪುರ.

ತೊರವಿ ಮಾತ್ರ ನವರಸಪುರಕ್ಕಿಂತ ಬಹಳ ಹಳೆಯದು. ಅಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಇಳಿದು ದರ್ಶನ ಮಾಡಬೇಕಾದ ಲಕ್ಷ್ಮೀನರಸಿಂಹನ ಗುಡಿಯಿದೆ. ಕುಮಾರ ವಾಲ್ಮೀಕಿಯೆಂದು ಹೆಸರಾದ ನರಹರಿ ಕವಿಯು ಭಾಮಿನಿ ಷಟ್ಪದಿಯಲ್ಲಿ ರಾಮಾಯಣವನ್ನು ಬರೆದು ಈ ನರಸಿಂಹನಿಗೇ ಅಂಕಿತ ಮಾಡಿದನು. ಅದು ನಾಡಿನಲ್ಲೆಲ್ಲ ತೊರವೆ ರಾಮಾಯಣವೆಂದೇ ಪ್ರಸಿದ್ಧವಾಯಿತು. ಅದರ ಕಾಲವನ್ನು ಸುಮಾರು 1500ರ ಆಚೀಚೆ ಎಂದು ಹೇಳುವುದು ವಾಡಿಕೆ. ಎಂದರೆ ವಿಜಯಪುರವನ್ನಾಳಿದ ಆದಿಲ್‌ಶಾಹಿ ಮನೆತನದ ಸುಲ್ತಾನನೊಬ್ಬನಿಗೆ ಇಲ್ಲಿ ಹೊಸ ನಗರ ಕಟ್ಟುವ ಮನಸ್ಸಾಗುವುದಕ್ಕೆ ಹತ್ತಿರ ಹತ್ತಿರ ನೂರು ವರ್ಷ ಮೊದಲೇ ಈ ಹಳ್ಳಿಯ ಹೆಸರು ಕನ್ನಡ ಕಾವ್ಯದ ಹೆಸರಾಗಿತ್ತು. ಪ್ರವಾಸಿಗರಿಗೆ ನವರಸಪುರವನ್ನು ತೋರಿಸುವವರು ತೊರವಿಯನ್ನು ಬರೀ ಬಸ್ಸು ಇಳಿಯುವ ಜಾಗವೆಂಬಂತೆ ಹೇಳಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ. ಹಾಡಿನ ಅರಸ ಹುಡುಕಿಕೊಂಡು ಬಂದದ್ದು ಈಗಾಗಲೇ ಹಾಡಿಗೆ ಹೆಸರಾದ ಊರನ್ನು.

ಆ ಅರಸನೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹ. 1580ರಲ್ಲಿ ಒಂಬತ್ತು ವರ್ಷದ ಬಾಲಕನಾಗಿ ಪಟ್ಟವೇರಿದನು. ಆರಂಭದ ವರ್ಷಗಳಲ್ಲಿ ಅವನ ಪರವಾಗಿ ರಾಜ್ಯವನ್ನು ಕಾಪಾಡಿದವಳು ಹಿಂದಿನ ಸುಲ್ತಾನನ ವಿಧವೆ ಚಾಂದಬೀಬಿ. 1627ರವರೆಗೆ ನಲವತ್ತೇಳು ವರ್ಷ ಅವನ ಆಳ್ವಿಕೆ ನಡೆಯಿತು. ಸಂಗೀತವೆಂದರೆ ಅವನಿಗೆ ಉಳಿದ ಅರಸರಿಗೆ ಇದ್ದಂಥ ಆಸ್ಥಾನದ ಶೋಭೆಯಾಗಿರಲಿಲ್ಲ. ಅವನು ಸ್ವತಃ ಹಾಡುಗಳನ್ನು ಕಟ್ಟುತ್ತಿದ್ದನು, ತಂಬೂರಿ ನುಡಿಸುತ್ತಿದ್ದನು. ಮೋತಿಖಾನ್ ಎಂದು ಹೆಸರಿಟ್ಟಿದ್ದ ತನ್ನ ತಂಬೂರಿಯನ್ನೂ ಆತಶಖಾನ್ ಎಂಬ ಆನೆಯನ್ನೂ ಮನೆಯವರನ್ನು ನೆನೆದಂತೆ ತನ್ನ ಹಾಡುಗಳಲ್ಲಿ ನೆನೆದಿದ್ದಾನೆ. ದಖನಿ ಭಾಷೆಯಲ್ಲಿ ಅವನು ರಚಿಸಿದ ಕಿತಾಬ್-ಎ-ನವರಸ್‌ನಲ್ಲಿ 59 ಹಾಡುಗಳೂ 17 ದೋಹೆಗಳೂ (ದ್ವಿಪದಿಗಳೂ) ಇವೆ. ಭೈರವ, ಭೂಪಾಲಿ, ಮಲ್ಹಾರ, ಕಾನಡಾ ಮೊದಲಾದ ರಾಗಗಳ ಹೆಸರಿನಲ್ಲಿ ಅವುಗಳನ್ನು ಜೋಡಿಸಲಾಗಿದೆ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸುವ ಆ ಹಾಡುಗಳಲ್ಲಿ ಗುಲಬರ್ಗಿಯ ಸೂಫಿ ಸಂತ ಬಂದೇನವಾಜರಿಗೂ ಅಷ್ಟೇ ಭಕ್ತಿಯ ಸ್ಥಾನವಿದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ಪರ್ಷಿಯಾದಿಂದ ಬಂದ ಕವಿ ಜುಹೂರಿ ಅವನ ಹಾಡುಗಳಿಗೆ ಮುನ್ನುಡಿ ಬರೆದನು. ಚರಿತ್ರಕಾರ ಫಿರಿಶ್ತಾ ಅವನ ಆಶ್ರಯದಲ್ಲಿಯೇ ತನ್ನ ದೊಡ್ಡ ಚರಿತ್ರೆಯನ್ನು ಬರೆದನು.

ನವರಸ ಎಂಬ ಆ ಒಂದು ಹೆಸರಿನ ಮೇಲೆ ಇಬ್ರಾಹಿಂನಿಗೆ ಎಷ್ಟು ಮೋಹವಿತ್ತೆಂದರೆ ಹಾಡಿನ ಪುಸ್ತಕಕ್ಕೆ ಇಟ್ಟದ್ದು ಸಾಲದೆ ನಾಣ್ಯಕ್ಕೆ, ಮುದ್ರೆಗೆ, ಹಬ್ಬಕ್ಕೆ, ಕಡೆಗೆ ಊರಿಗೂ ಅದನ್ನೇ ಇಟ್ಟನು. 1599ರಲ್ಲಿ ತೊರವಿಯ ಬಳಿ ನವರಸಪುರದ ಕೆಲಸ ಆರಂಭವಾಯಿತು. ಆಗ ಅವನಿಗೆ ಮೂವತ್ತರ ಹತ್ತಿರದ ವಯಸ್ಸು. ಕೆಲಸದ ಉಸ್ತುವಾರಿ ಅವನ ಮಂತ್ರಿ ಶಾಹನವಾಜಖಾನನದು. ರಾಜ್ಯದ ನಾನಾ ಕಡೆಗಳಿಂದ ಕಲ್ಲುಕುಟಿಗರನ್ನೂ ಗೌಂಡಿಗಳನ್ನೂ ಬಡಿಗರನ್ನೂ ಕರೆಸಲಾಯಿತು. ಇಪ್ಪತ್ತು ಸಾವಿರ ಆಳುಗಳು ದುಡಿದರೆಂದು ಹಳೆಯ ಬರಹಗಳು ಹೇಳುತ್ತವೆ. ಅರಮನೆಯನ್ನು ಅರಸನು ಕಟ್ಟಿಸುವುದು, ಸರದಾರರೂ ಸಾಹುಕಾರರೂ ತಮ್ಮ ತಮ್ಮ ವಾಡೆಗಳನ್ನೂ ಅಂಗಡಿಗಳನ್ನೂ ತಾವೇ ಕಟ್ಟಿಸಿಕೊಳ್ಳುವುದು ಎಂಬ ಏರ್ಪಾಡಿನಲ್ಲಿ ಊರು ಬೇಗ ಬೇಗ ಎದ್ದಿತು. ಹಾಡುವವರೂ ಬಾರಿಸುವವರೂ ಕುಣಿಯುವವರೂ ಇಲ್ಲಿಗೆ ಬಂದು ನೆಲೆಸಿದರು. ನವರಸದ ಹಬ್ಬಕ್ಕೆ ಆಸ್ಥಾನವೆಲ್ಲ ಇಲ್ಲಿಗೆ ಬರುತ್ತಿತ್ತು. ಅರಸನೊಬ್ಬ ದಂಡಿಗಾಗಿಯೋ ವ್ಯಾಪಾರಕ್ಕಾಗಿಯೋ ಊರು ಕಟ್ಟಿಸಿದ್ದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಹಾಡಿಗಾಗಿ ಒಂದು ರಾಜಧಾನಿಯನ್ನೇ ಕಟ್ಟಿಸಲು ಹೊರಟವನು ನಮ್ಮ ನೆಲದಲ್ಲಿ ಇವನೊಬ್ಬನೇ ಎಂದು ನನಗೆ ತೋರುತ್ತದೆ, ಮತ್ತು ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಇಷ್ಟೊಂದು ಬಯಲಿರುವಾಗ ತೊರವಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ನೀರಿನಲ್ಲಿದೆ ಎಂಬುದು ನನ್ನ ಎಣಿಕೆ. ವಿಜಯಪುರಕ್ಕೆ ಹೇಳಿಕೊಳ್ಳುವಂಥ ಹೊಳೆಯಿಲ್ಲ. ಆದರೂ ಅದು ಲಕ್ಷಗಟ್ಟಲೆ ಜನರ ಊರಾಗಿ ಬೆಳೆದದ್ದು ಬಾವಿ, ಕೆರೆ ಮತ್ತು ಸುರಂಗಗಳ ಬಲದಿಂದ. ಇಬ್ರಾಹಿಂನಿಗಿಂತ ಮೊದಲು ಆಳಿದ ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿಯೇ ತೊರವಿಯ ಕಡೆಯ ಸೆಲೆಗಳ ನೀರನ್ನು ಕಲ್ಲು ಕೊರೆದ ಸುರಂಗದ ಮೂಲಕ ನಗರಕ್ಕೆ ಹರಿಸಲಾಗಿತ್ತು. ಪರ್ಷಿಯಾದ ಕಡೆ ಕರೇಜ್ ಎಂದು ಹೆಸರಾದ ಈ ಪದ್ಧತಿಯಲ್ಲಿ ನೆಲದೊಳಗೆ ಸಣ್ಣ ಇಳಿಜಾರಿನಲ್ಲಿ ಕಾಲುವೆ ಸಾಗುತ್ತದೆ. ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ಬಾವಿಯಂಥ ತೂತುಗಳನ್ನು ಬಿಟ್ಟಿರುತ್ತಾರೆ. ನೀರನ್ನು ಎತ್ತುವ ಶ್ರಮವಿಲ್ಲ, ಬಿಸಿಲಿಗೆ ಆರುವ ಭಯವಿಲ್ಲ. ತೊರವಿಯ ಬಳಿಯ ಸುರಂಗ ಬಾವಿಯಲ್ಲಿ ಆ ಕಾಲುವೆಯ ಬಾಯಿಯನ್ನು ಇಂದಿಗೂ ನೋಡಬಹುದು. ನಗರದೊಳಗೆ ಅಲ್ಲಲ್ಲಿ ಗೋಪುರದಂತೆ ನಿಂತಿರುವ ಗಂಜುಗಳು ಇಂಥ ಕಾಲುವೆಗಳಿಂದ ಬಂದ ನೀರಿನ ಒತ್ತಡವನ್ನು ತಗ್ಗಿಸಿ ಮುಂದಕ್ಕೆ ಹಂಚಲು ಕಟ್ಟಿದವು. ಹೀಗೆ ಹಳೆಯ ರಾಜಧಾನಿ ಕುಡಿಯುತ್ತಿದ್ದ ನೀರಿನ ತಲೆಕಟ್ಟಿನಲ್ಲಿಯೇ ಹೊಸ ರಾಜಧಾನಿಯ ಜಾಗವನ್ನು ಗೊತ್ತುಮಾಡಲಾಯಿತು. ಅರಮನೆಯ ಮುಂದೆ ಹೊಂಡ, ಅಂಗಳದಲ್ಲಿ ಕಾರಂಜಿ ಬೇಕೆನ್ನುವ ಅರಸನಿಗೆ ಈ ಮಡ್ಡಿಯ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಸಂಗೀತ ಮಹಲಿನ ಮುಂದೆ ನಿಂತರೆ ವಿಜಯಪುರದವರಿಗೆ ತಕ್ಷಣ ನೆನಪಾಗುವುದು ಗಗನ ಮಹಲು. 1561ರಲ್ಲಿ ಒಂದನೆಯ ಅಲಿ ಕಟ್ಟಿಸಿದ ಗಗನ ಮಹಲಿನಲ್ಲಿ ನಡುವೆ ಬಹಳ ಅಗಲವಾದ ಒಂದು ಕಮಾನು, ಎರಡೂ ಪಕ್ಕಗಳಲ್ಲಿ ಅಷ್ಟೇ ಎತ್ತರದ, ಆದರೆ ಕಿರಿದಾದ ಒಂದೊಂದು ಕಮಾನು ಇವೆ. ಸಂಗೀತ ಮಹಲು ಅದೇ ಮಾದರಿಯದು, ಅಳತೆಯಲ್ಲಿ ಸ್ವಲ್ಪ ಚಿಕ್ಕದು. ಸುತ್ತಲೂ ಎತ್ತರದ ಗೋಡೆಯ ಆವರಣ, ಮುಂದೆ ಹೊಂಡ. ಎದುರಿಗಿನ ಅಂಗಳದಲ್ಲಿ ಕುಳಿತವರಿಗೆ ದೊಡ್ಡ ಕಮಾನಿನೊಳಗಿನ ವೇದಿಕೆ ಸಂಪೂರ್ಣ ಕಾಣುತ್ತದೆ. ಒಳಗೆ ಹಾಡಿದ್ದು ಹಿಂದಿನ ಗೋಡೆಗೆ ತಾಕಿ ಮುಂದಕ್ಕೆ ಬರುತ್ತದೆ. ಮಹಲಿನ ಮೈಯನ್ನು ಹತ್ತಿರದಿಂದ ನೋಡಬೇಕು. ಹೊರಗಿನ ಗಾರೆ ಬಿದ್ದಲ್ಲೆಲ್ಲ ಒಳಗಿನ ಕಟ್ಟಡ ಬಯಲಾಗಿದೆ: ಮುಷ್ಟಿಗಾತ್ರದಿಂದ ಹಿಡಿದು ತಲೆಗಾತ್ರದವರೆಗಿನ ಒರಟು ಕರಿಕಲ್ಲುಗಳು, ಅವುಗಳ ನಡುವೆ ಬೆರಳು ಹೋಗುವಷ್ಟು ದಪ್ಪ ಸುಣ್ಣದ ಗಾರೆ. ಆ ಗಾರೆಯಲ್ಲಿ ಉಸುಕಿನ ಹರಳುಗಳು ಕಣ್ಣಿಗೆ ಕಾಣುತ್ತವೆ, ಉಗುರಿನಿಂದ ಕೆರೆದರೆ ಪುಡಿಯೇಳುವುದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಚೌಕಾಕಾರದ ರಂಧ್ರಗಳಿವೆ. ಒಂದು ಕಾಲಕ್ಕೆ ಅವುಗಳಲ್ಲಿ ಮರದ ತೊಲೆಗಳು ಕುಳಿತಿದ್ದವು. ಕಲ್ಲು ಮತ್ತು ಗಾರೆ ಉಳಿದು ಮರವೆಲ್ಲ ಹೋಗಿರುವುದನ್ನು ಕಂಡಾಗ ಬೆಂಕಿ ಏನನ್ನು ತಿಂದಿತು, ಏನನ್ನು ಬಿಟ್ಟಿತು ಎಂಬುದು ವಿವರಿಸದೆಯೇ ತಿಳಿಯುತ್ತದೆ. ಹತ್ತಿರದಲ್ಲಿಯೇ ಇರುವ ನಾರಿ ಮಹಲು ಇದಕ್ಕಿಂತ ಹೆಚ್ಚು ಕುಸಿದಿದೆ.

ಆದರೆ ನವರಸಪುರವನ್ನು ಅರ್ಥ ಮಾಡಿಕೊಳ್ಳಲು ನೋಡಲೇಬೇಕಾದದ್ದು ಮಹಲಲ್ಲ, ಅದರ ಕೋಟೆಗೋಡೆ. ಬಂದವರಲ್ಲಿ ಹೆಚ್ಚಿನವರು ಕಮಾನಿನ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಗೋಡೆಯವರೆಗೆ ಹೋಗುವವರು ತೀರ ವಿರಳ. ಅರಮನೆಯನ್ನು ನಡುವಿಟ್ಟುಕೊಂಡು ದೂರದಲ್ಲಿ ದುಂಡಾಗಿ ಸುತ್ತುವರಿಯುವಂತೆ ಈ ಗೋಡೆಯನ್ನು ಯೋಜಿಸಿದ್ದರು. ಪೂರ್ತಿಯಾಗಿದ್ದರೆ ಅದರೊಳಗಿನ ನಗರ ಹಳೆಯ ವಿಜಯಪುರಕ್ಕಿಂತ ವಿಶಾಲವಾಗುತ್ತಿತ್ತು. ದಪ್ಪದಲ್ಲಾಗಲಿ ಕಲ್ಲಿನ ಕೆಲಸದಲ್ಲಾಗಲಿ ಅದು ನಗರದ ಕೋಟೆಗೆ ಕಡಿಮೆಯಾದುದಲ್ಲ. ಬಾಗಿಲುಗಳ ಜಾಗವನ್ನು ಗುರುತಿಸಬಹುದು. ಆದರೆ ಅದು ಸುತ್ತನ್ನು ಪೂರೈಸುವುದಿಲ್ಲ. ಒಂದು ಕಡೆ ಆಳೆತ್ತರವನ್ನು ಮೀರಿ ಏರಿದ ಗೋಡೆ ಸಾಗುತ್ತ ಸಾಗುತ್ತ ತಗ್ಗಾಗಿ, ಕಲ್ಲಿನ ದಿಬ್ಬವಾಗಿ, ಕೊನೆಗೆ ಹೊಲದ ಬದುವಿನಲ್ಲಿ ಕಾಣದಾಗುತ್ತದೆ. ಅದು ಬಿದ್ದ ಗೋಡೆಯಲ್ಲ, ಕಟ್ಟದೆ ಬಿಟ್ಟ ಗೋಡೆ. ಬ್ರಿಟಿಷರ ಕಾಲದಲ್ಲಿ ವಿಜಯಪುರದ ಕಟ್ಟಡಗಳನ್ನೆಲ್ಲ ಅಳೆದು ದಾಖಲಿಸಿದ ಪುರಾತತ್ವಜ್ಞ ಹೆನ್ರಿ ಕೌಸೆನ್ಸ್ ಕೂಡ ಇದನ್ನು ಅಪೂರ್ಣವೆಂದೇ ಗುರುತಿಸಿದ್ದಾನೆ.

ಗೋಡೆ ಏಕೆ ನಿಂತಿತು ಎಂಬುದಕ್ಕೆ ಪ್ರಚಲಿತವಾದ ಕಥೆಯೆಂದರೆ ಜ್ಯೋತಿಷಿಗಳದು. ವಿಜಯಪುರವನ್ನು ಬಿಟ್ಟು ಸಿಂಹಾಸನವನ್ನು ಇಲ್ಲಿಗೆ ತಂದರೆ ರಾಜ್ಯಕ್ಕೆ ಕೇಡು ಎಂದು ಅವರು ನುಡಿದರಂತೆ, ಅರಸನು ಹಿಂಜರಿದನಂತೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕಾಲದ ಅರಸರು ಮುಹೂರ್ತ ಕೇಳದೆ ಕುದುರೆಯನ್ನೂ ಏರುತ್ತಿರಲಿಲ್ಲ. ಆದರೂ ಆ ವರ್ಷಗಳಲ್ಲಿ ಉತ್ತರದಿಂದ ಬರುತ್ತಿದ್ದ ಸುದ್ದಿಗಳನ್ನು ನೆನೆದರೆ ಬೇರೆ ಕಾರಣವೂ ಕಾಣುತ್ತದೆ. ನವರಸಪುರದ ಕೆಲಸ ಆರಂಭವಾದ ಮರುವರ್ಷವೇ, 1600ರಲ್ಲಿ, ಮೊಗಲರು ಅಹ್ಮದನಗರದ ಕೋಟೆಯನ್ನು ಹಿಡಿದರು. ಇಬ್ರಾಹಿಂನನ್ನು ಸಾಕಿ ಬೆಳೆಸಿದ್ದ ಚಾಂದಬೀಬಿ ಅಲ್ಲಿಯೇ ಕೊಲೆಯಾದಳು. ಇಬ್ರಾಹಿಂ ತನ್ನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡಲು ಒಪ್ಪಬೇಕಾಯಿತು. ಆ ಸಂಬಂಧದ ಕೆಲಸಕ್ಕಾಗಿ ಮೊಗಲರ ರಾಯಭಾರಿ ಅಸದ್ ಬೇಗ್ 1603-04ರಲ್ಲಿ ವಿಜಯಪುರಕ್ಕೆ ಬಂದನು. ಇಲ್ಲಿಯ ಪೇಟೆಗಳ ಸಿರಿಯನ್ನು ಕಂಡು ಬೆರಗಾದನು, ಹಿಂತಿರುಗುವಾಗ ಅಕ್ಬರನ ಆಸ್ಥಾನ ಅದುವರೆಗೆ ಕಾಣದಿದ್ದ ತಂಬಾಕನ್ನು ಕಟ್ಟಿಕೊಂಡು ಹೋದನು. ಒಂದು ಕಡೆ ಇಂಥ ಐಶ್ವರ್ಯ, ಇನ್ನೊಂದು ಕಡೆ ಗಡಿಯ ತನಕ ಬಂದ ದೊಡ್ಡ ಸೈನ್ಯ. ಇಂಥ ಹೊತ್ತಿನಲ್ಲಿ ಸಿದ್ಧವಾಗಿರುವ ಕೋಟೆಯನ್ನು ಬಿಟ್ಟು, ಸಿದ್ಧವಾಗಬೇಕಾದ ಕೋಟೆಗೆ ರಾಜ್ಯದ ಬೊಕ್ಕಸವನ್ನೂ ದಫ್ತರವನ್ನೂ ಸಾಗಿಸಲು ಯಾವ ಮಂತ್ರಿ ಒಪ್ಪಿಯಾನು? 1565ರಲ್ಲಿ ಮುಗಿದಿದ್ದ ವಿಜಯಪುರದ ಗೋಡೆ ಸುಮಾರು ಹತ್ತು ಕಿಲೋಮೀಟರಿನಷ್ಟು ಸುತ್ತಳತೆಯದು, ಅದರ ಹೊರಗೆ ಅಗಲವಾದ ಕಂದಕ. ಹಬ್ಬಕ್ಕೆ ನವರಸಪುರ, ಆಳ್ವಿಕೆಗೆ ವಿಜಯಪುರ ಎಂಬ ಏರ್ಪಾಡು ಹೀಗೆ ತಾನಾಗಿಯೇ ಗಟ್ಟಿಯಾಗಿರಬೇಕು. ಗೋಡೆ ಅರ್ಧಕ್ಕೆ ನಿಂತ ದಿನವೇ ನವರಸಪುರದ ಹಣೆಬರಹ ತೀರ್ಮಾನವಾಯಿತು. ಮುಂದೆ ನಡೆದದ್ದು ಅದರ ಫಲ.

1624ರಲ್ಲಿ ಆ ಫಲ ಬಂದಿತು. ಅಹ್ಮದನಗರದ ನಿಜಾಮಶಾಹಿ ರಾಜ್ಯವನ್ನು ಆಗ ನಡೆಸುತ್ತಿದ್ದವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖನ್ನಿಗೆ ಬಂದು, ಮೊಗಲರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ತಡೆದು ನಿಲ್ಲಿಸಿದ ಅಸಾಮಾನ್ಯ ಸೇನಾನಿ. ಇಬ್ರಾಹಿಂನು ಅವನ ವಿರುದ್ಧ ಮೊಗಲರೊಡನೆ ಕೈಜೋಡಿಸಿ, ಮುಲ್ಲಾ ಮಹಮ್ಮದ್ ಲಾರಿಯ ನೇತೃತ್ವದಲ್ಲಿ ತನ್ನ ಒಳ್ಳೆಯ ಸೈನ್ಯವನ್ನು ಉತ್ತರಕ್ಕೆ ಕಳುಹಿಸಿದನು. ಅಹ್ಮದನಗರದ ಸಮೀಪದ ಭಾತವಡಿಯಲ್ಲಿ ಎರಡೂ ಸೈನ್ಯಗಳನ್ನು ಅಂಬರ್ ಒಟ್ಟಿಗೆ ಎದುರಿಸಿದನು. ಅಲ್ಲಿಯ ಕೆರೆಯ ಏರಿಯನ್ನು ಒಡೆಸಿ ಶತ್ರುಗಳ ಬಿಡಾರವನ್ನೆಲ್ಲ ಕೆಸರು ಮಾಡಿಸಿದನೆಂದು ಹೇಳುತ್ತಾರೆ. ಶಿವಾಜಿಯ ತಂದೆ ಶಹಾಜಿ ಆ ಯುದ್ಧದಲ್ಲಿ ಅಂಬರನ ಕಡೆಯಿಂದ ಹೋರಾಡಿದನು; ಶಹಾಜಿಯ ತಮ್ಮ ಶರೀಫಜಿ ಅಲ್ಲಿ ಮಡಿದನು. ಮುಲ್ಲಾ ಮಹಮ್ಮದನೂ ಸತ್ತನು, ವಿಜಯಪುರದ ಸೈನ್ಯ ಚದುರಿಹೋಯಿತು. ಗೆದ್ದ ಅಂಬರ್ ಅಲ್ಲಿಗೇ ನಿಲ್ಲದೆ ನೇರವಾಗಿ ವಿಜಯಪುರದ ಮೇಲೆ ಬಂದನು.

ಸುಲ್ತಾನನು ಕೋಟೆಯೊಳಗೆ ಸೇರಿ ಬಾಗಿಲು ಹಾಕಿಸಿದನು. ವಿಜಯಪುರದ ಗೋಡೆ ಅಂಬರನನ್ನು ತಡೆಯಿತು. ನವರಸಪುರಕ್ಕೆ ಹಾಕಲು ಬಾಗಿಲಿರಲಿಲ್ಲ. ಐದಾರು ಕಿಲೋಮೀಟರು ದೂರದಲ್ಲಿ, ಅರ್ಧ ಸುತ್ತಿನ ಗೋಡೆಯ ನಡುವೆ, ಕಾಯುವ ಸೈನ್ಯವಿಲ್ಲದೆ ಹಾಡಿನ ಊರು ತೆರೆದು ಬಿದ್ದಿತ್ತು. ಅಂಬರನ ದಂಡು ಅದನ್ನು ಸೂರೆ ಮಾಡಿ ಬೆಂಕಿಯಿಟ್ಟಿತು. ಆಮೇಲೆ ಅವನು ಕೋಟೆಯ ಮುತ್ತಿಗೆಯನ್ನು ಬಿಟ್ಟು ಸೋಲಾಪುರದ ಕಡೆ ತಿರುಗಿ ಅದನ್ನು ವಶಪಡಿಸಿಕೊಂಡನು. 1626ರಲ್ಲಿ ಅಂಬರ್ ತೀರಿಕೊಂಡನು, ಮರುವರ್ಷ ಇಬ್ರಾಹಿಂ. ತಾನು ಇಪ್ಪತ್ತೈದು ವರ್ಷ ಕಟ್ಟಿದ ಊರಿನ ಹೊಗೆಯನ್ನು ಅವನು ತನ್ನ ಕೋಟೆಯ ಬುರುಜಿನಿಂದಲೇ ಕಂಡಿರಬೇಕು. ನಡುವೆ ಗುಡ್ಡವಿಲ್ಲ, ಬಯಲೇ ಬಯಲು.

ತೊರವಿಯ ಕಡೆಯ ಹೊಲವೊಂದರಲ್ಲಿ ಕಡಲೆ ಕೀಳುತ್ತಿದ್ದ ಮುತ್ಯಾ (ಅಜ್ಜ) ಒಬ್ಬರೊಡನೆ ಈ ಗೋಡೆಯ ಮಾತೆತ್ತಿದಾಗ ಅವರು ಅಂಬರನ ಹೆಸರನ್ನಾಗಲಿ ಇಸವಿಯನ್ನಾಗಲಿ ಹೇಳಲಿಲ್ಲ. "ನೋಡು ತಮ್ಮಾ, ಬಾದಶಹಾ ಇಲ್ಲಿ ಹಾಡಕೋಂತ ಕುಂತಿದ್ದ. ಗ್ವಾಡಿ ಅರ್ಧಾನ ಆಗಿತ್ತು. ಉಳದರ್ಧದಾಗ ವೈರಿ ಒಳಗ ಬಂದ," ಎಂದು ಹೇಳಿ ಕೆಲಸಕ್ಕೆ ಮರಳಿದರು. ಮುಂದುವರಿಸಲು ಏನೂ ಇಲ್ಲವೆಂಬಷ್ಟು ಸ್ಪಷ್ಟವಾಗಿ ಅವರಿಗೆ ಅದು ಗೊತ್ತಿತ್ತು. ನಾಲ್ಕು ನೂರು ವರ್ಷಗಳ ಹಿಂದಿನ ಸಂಗತಿಯ ಮುಖ್ಯಾಂಶ ಆ ಹೊಲದಲ್ಲಿ ಕೆಡದೆ ಉಳಿದುಕೊಂಡು ಬಂದಿರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸುಟ್ಟ ಊರನ್ನು ಮತ್ತೆ ಕಟ್ಟಬಹುದಿತ್ತು. ಹಣಕ್ಕೆ ಕೊರತೆಯಿರಲಿಲ್ಲ, ಇಬ್ರಾಹಿಂನ ಮಗ ಮಹಮ್ಮದ್ ಆದಿಲ್‌ಶಾಹನು ಮುಂದೆ ಗೋಳಗುಮ್ಮಟವನ್ನೇ ಕಟ್ಟಿಸಿದನು. ಆದರೆ ಅವನ ಮನಸ್ಸು ಹಳೆಯ ನಗರದಲ್ಲಿತ್ತು. ಜುಹೂರಿ 1616ರಲ್ಲಿಯೇ ತೀರಿಕೊಂಡಿದ್ದನು. ಹಾಡು ಕಟ್ಟುತ್ತಿದ್ದ ಅರಸನೂ ಇಲ್ಲ, ಆ ಹಾಡನ್ನು ಹೊಗಳುತ್ತಿದ್ದ ಕವಿಗಳೂ ಇಲ್ಲ. ಊರಿಗೆ ಬೇರೆ ಆಧಾರವೆಂಬುದೇ ಇರಲಿಲ್ಲ. ವ್ಯಾಪಾರದ ದಾರಿಗಳು ವಿಜಯಪುರದ ಪೇಟೆಗಳಿಗೆ ಹೋಗುತ್ತಿದ್ದವು, ತೊರವಿಯ ನೀರು ಮೊದಲಿನಂತೆಯೇ ಸುರಂಗದಲ್ಲಿ ಅತ್ತ ಹರಿಯುತ್ತಿತ್ತು. ಫತೇಪುರ ಸಿಕ್ರಿಯನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಅಕ್ಬರನು 1571ರಲ್ಲಿ ಕಟ್ಟಲಾರಂಭಿಸಿ 1585ರಲ್ಲಿ ಬಿಟ್ಟುಹೋದ ಆ ರಾಜಧಾನಿಯೂ ಒಬ್ಬ ಅರಸನ ಇಷ್ಟದಿಂದ ಎದ್ದು ಅವನು ಹೊರಟೊಡನೆ ಖಾಲಿಯಾದದ್ದೇ. ಆದರೆ ಸಿಕ್ರಿಯನ್ನು ಯಾರೂ ಸುಡಲಿಲ್ಲ. ಅದರ ಕೆಂಪುಕಲ್ಲಿನ ಮಹಲುಗಳು ಇದ್ದಂತೆಯೇ ನಿಂತವು, ಇಂದು ಲೋಕವೆಲ್ಲ ಅದನ್ನು ನೋಡಲು ಬರುತ್ತದೆ. ನವರಸಪುರದ ಮರ ಸುಟ್ಟಿತು, ಗಾರೆ ಉದುರಿತು, ಕೈಗೆ ಸಿಕ್ಕ ಕಲ್ಲು ಸುತ್ತಲಿನವರ ಮನೆಗೂ ಬಾವಿಗೂ ಬದುವಿಗೂ ಹೋಯಿತು.

ಇದೇ ಪಶ್ಚಿಮದ ಬಯಲಿನಲ್ಲಿ ಮುಂದೆ ಇನ್ನೊಂದು ದುಃಖದ ಗುರುತೂ ಸೇರಿಕೊಂಡಿತು. ಆದಿಲ್‌ಶಾಹಿಯ ಸರದಾರ ಅಫಜಲಖಾನನ ಬಿಡಾರ ಈ ಕಡೆಯೇ ಇತ್ತು. 1659ರಲ್ಲಿ ಶಿವಾಜಿಯನ್ನು ಎದುರಿಸಲು ಪ್ರತಾಪಗಡಕ್ಕೆ ಹೊರಡುವ ಮೊದಲು, ತಾನು ಮರಳಿ ಬರುವುದಿಲ್ಲವೆಂಬ ಭವಿಷ್ಯವನ್ನು ನಂಬಿ ಅವನು ತನ್ನ ಹೆಂಡಂದಿರನ್ನೆಲ್ಲ ಕೊಲ್ಲಿಸಿದನೆಂಬ ಕಥೆ ಇಲ್ಲಿ ಮನೆಮಾತಾಗಿದೆ. ಒಂದೇ ಕಟ್ಟೆಯ ಮೇಲೆ ಸಾಲುಸಾಲಾಗಿ ಇರುವ, ಒಂದೇ ಬಗೆಯ ಕರಿಕಲ್ಲಿನ ಅರವತ್ತಕ್ಕೂ ಮಿಕ್ಕ ಗೋರಿಗಳನ್ನು ಸಾಠ್ ಕಬರ್ ಎಂದು ಕರೆಯುತ್ತಾರೆ. ಕಥೆ ಎಷ್ಟು ನಿಜವೆಂಬುದು ಏನೇ ಇರಲಿ, ಗೋರಿಗಳು ಕಣ್ಣೆದುರಿಗಿವೆ, ಎಲ್ಲವೂ ಹೆಂಗಸರವು. ಸಂಗೀತ ಮಹಲಿಗೆ ಬಂದವರು ಇದನ್ನು ನೋಡದೆ ಹೋಗಬಾರದು.

ಇಂದು ಸಂಗೀತ ಮಹಲೂ ನಾರಿ ಮಹಲೂ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ನವರಸಪುರ ಉತ್ಸವದ ಹೆಸರಿನಲ್ಲಿ ಸಂಗೀತ, ನೃತ್ಯದ ಕಾರ್ಯಕ್ರಮಗಳು ನಡೆದಿವೆ. ಅವು ತಪ್ಪದೆ ಪ್ರತಿ ವರ್ಷ ನಡೆಯಬೇಕೆಂಬುದು ನನ್ನ ಆಸೆ. ನನ್ನ ಕಳವಳ ಇರುವುದು ಮಹಲಿನ ಬೇಲಿಯ ಹೊರಗಿನದರ ಬಗ್ಗೆ. ವಿಜಯಪುರ ಅಥಣಿ ರಸ್ತೆಯ ಉದ್ದಕ್ಕೂ ಪಶ್ಚಿಮಕ್ಕೆ ಬೆಳೆಯುತ್ತಿದೆ, ಹೊಲಗಳು ಎನ್.ಎ. (ಕೃಷಿಯೇತರ ಜಮೀನು) ಆಗಿ ಪ್ಲಾಟುಗಳಾಗುತ್ತಿವೆ. ಮನೆ ಬೇಕಾದವರು ಮನೆ ಕಟ್ಟಿಕೊಳ್ಳಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಜೆಸಿಬಿ ಬಂದು ದಿಬ್ಬವೊಂದನ್ನು ಸಮತಟ್ಟು ಮಾಡುವ ಮೊದಲು ಅದು ಬರೀ ದಿಬ್ಬವೋ ಕೋಟೆಗೋಡೆಯ ತುಣುಕೋ ಎಂದು ನೋಡಿ ಹೇಳುವವರು ಬೇಕು. ಮಹಲು ಬಿದ್ದರೆ ಸುದ್ದಿಯಾಗುತ್ತದೆ. ಗೋಡೆ ಒಂದೊಂದೇ ಟ್ರ್ಯಾಕ್ಟರಿನಲ್ಲಿ ಹೋದರೆ ಯಾರಿಗೂ ತಿಳಿಯುವುದಿಲ್ಲ, ಈ ಊರು ಹೇಗೆ ಸತ್ತಿತೆಂಬುದಕ್ಕೆ ಇರುವ ಸಾಕ್ಷಿಯೇ ಆ ಗೋಡೆ. ಉಳಿದ ಭಾಗವನ್ನು ಪೂರ್ತಿಯಾಗಿ ಅಳೆದು, ಸರ್ವೆ ನಂಬರುಗಳೊಡನೆ ನಕ್ಷೆ ಮಾಡಿ, ತೊರವಿಯ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿದರೆ ಅದು ಒಂದು ಉತ್ಸವದಷ್ಟೇ ದೊಡ್ಡ ಕೆಲಸ. ಸುರಂಗ ಬಾವಿಯನ್ನೂ ಗಾಳಿಯ ತೂತುಗಳನ್ನೂ ಅದೇ ನಕ್ಷೆಯಲ್ಲಿ ಸೇರಿಸಬೇಕು. ಊರಿನ ಹುಟ್ಟಿಗೆ ನೀರು ಹೇಗೆ ಕಾರಣವೋ ಸಾವಿಗೆ ಗೋಡೆ ಹಾಗೆ ಕಾರಣ, ಎರಡನ್ನೂ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಇಟ್ಟರೆ ಯಾವುದೂ ಅರ್ಥವಾಗುವುದಿಲ್ಲ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ವಿಜಯಪುರದಿಂದ ಅಥಣಿ, ಟಿಕೋಟಾ ಕಡೆ ಹೋಗುವ ಬಸ್ಸುಗಳು ತೊರವಿಯಲ್ಲಿ ಸಿಗುತ್ತವೆ, ನಗರದಿಂದ ಆಟೋ ಮಾಡಿಕೊಂಡೂ ಬರಬಹುದು. ಮಳೆಗಾಲ ಮುಗಿದು ಚಳಿ ಹತ್ತಿದ ದಿನಗಳೇ ಒಳ್ಳೆಯವು, ಏಕೆಂದರೆ ಹುಲ್ಲು ತಗ್ಗಿದ ಮೇಲೆ ಗೋಡೆಯ ಸಾಲು ಸ್ಪಷ್ಟವಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ನೆರಳಿಲ್ಲ. ಮೊದಲು ನರಸಿಂಹನ ಗುಡಿ, ಆಮೇಲೆ ಸುರಂಗ ಬಾವಿ, ಅನಂತರ ಸಂಗೀತ ಮಹಲು ಎಂಬ ಕ್ರಮದಲ್ಲಿ ನೋಡಿದರೆ ಊರು ಬೆಳೆದ ಕ್ರಮವೂ ತಿಳಿಯುತ್ತದೆ. ಮಹಲಿನಿಂದ ಗೋಡೆಗೆ ಹೋಗಲು ಗುರುತಿನ ಹಲಗೆಗಳನ್ನು ನೆಚ್ಚಿಕೊಳ್ಳಬೇಡಿರಿ. ತೊರವಿಯಲ್ಲಿ ಯಾರನ್ನಾದರೂ ಹಳೇ ಗ್ವಾಡಿ ಎಲ್ಲಿ ಎಂದು ಕೇಳಿರಿ, ತೋರಿಸುತ್ತಾರೆ. ಬಿತ್ತಿದ ಹೊಲವಿದ್ದರೆ ಬದುವಿನ ಮೇಲೆಯೇ ನಡೆಯಿರಿ, ಹೊಲದವರನ್ನು ಒಂದು ಮಾತು ಕೇಳಿ ಒಳಗೆ ಹೋಗಿರಿ. ಮೇಲಿನಿಂದ ತೆಗೆದ ಉಪಗ್ರಹದ ಚಿತ್ರವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡರೆ ನೆಲದ ಮೇಲೆ ತುಂಡುತುಂಡಾಗಿ ಕಾಣುವ ಗೋಡೆ ಒಂದೇ ಬಾಗಿದ ಗೆರೆಯಾಗಿ ಕಾಣುತ್ತದೆ, ಮತ್ತು ಅದು ಎಲ್ಲಿ ನಿಂತಿತೆಂಬುದನ್ನು ಅಲ್ಲಿಯೇ ನಿಂತು ನೋಡಬಹುದು.